ದೂರದರ್ಶನ: ಭೋಗವಸ್ತುವೋ, ಜೀವನಾವಶ್ಯಕವೋ? — ಒಂದು ವಿಮರ್ಶೆ

೧

ದೂರದರ್ಶನವು ಭೋಗವಸ್ತುವೋ ಜೀವನಾವಶ್ಯಕವೋ ಎಂಬುದು ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿಷಯ. ಅವಶ್ಯಕವೆಂದು ವಾದಿಸುವವರು ಜ್ಞಾನಪ್ರಸಾರ, ಬೇಸಾಯ, ಹವಾಮಾನ, ಶಿಕ್ಷಣಗಳನ್ನು ಹೆಸರಿಸುತ್ತಾರೆ. ಭೋಗವೆಂದು ವಾದಿಸುವವರು ಕಾಲಹರಣ, ಕಣ್ಣಿನ ಬೇನೆ, ಅಭಿರುಚಿಯ ಕೇಡುಗಳನ್ನು ಹೆಸರಿಸುತ್ತಾರೆ. ತೀರ್ಪುಗಾರರು ಉಭಯಪಕ್ಷಗಳ ವಾಗ್ಮಿತೆಯನ್ನೂ ಮೆಚ್ಚಿಕೊಂಡು, ಮಿತವಾಗಿ ಬಳಸಿದರೆ ಎಲ್ಲವೂ ಒಳ್ಳೆಯದೇ ಎಂದು ಹೇಳಿ ಸಭೆಯನ್ನು ಮುಗಿಸುತ್ತಾರೆ. ಇಂತಹ ಚರ್ಚೆಯಿಂದ ವಿದ್ಯಾರ್ಥಿಯ ನಾಲಗೆ ಹರಿತವಾದೀತು. ವಿಷಯವು ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಕಾರಣವೇನೆಂದರೆ, ಉಭಯರೂ ಭೋಗತ್ವ ಅಥವಾ ಅವಶ್ಯಕತೆ ಎಂಬುದು ವಸ್ತುವಿನಲ್ಲಿಯೇ ಅಡಗಿರುವ ಗುಣವೆಂದು ಭಾವಿಸಿ, ಸಕ್ಕರೆಯಲ್ಲಿ ಸಿಹಿಯನ್ನು ಹುಡುಕುವಂತೆ ಅದನ್ನು ಯಂತ್ರದೊಳಗೆ ಹುಡುಕುತ್ತಾರೆ.

ಈ ಲೇಖನದ ವಾದ ಬೇರೆಯದು. ಒಂದು ವಸ್ತು ಭೋಗವೋ ಅವಶ್ಯಕವೋ ಎಂಬುದನ್ನು ನಿರ್ಣಯಿಸುವುದು ಆ ವಸ್ತುವಲ್ಲ, ಅದನ್ನು ಸುತ್ತುವರಿದ ಸಾಮಾಜಿಕ ಏರ್ಪಾಡು. ಆ ಏರ್ಪಾಡಿಗೆ ಚರಿತ್ರೆಯುಂಟು. ಆದುದರಿಂದ ಈ ಪ್ರಶ್ನೆಯು ನೀತಿಬೋಧಕನಿಗಿಂತ ಮಿಗಿಲಾಗಿ ಇತಿಹಾಸದ ವಿದ್ಯಾರ್ಥಿಗೆ ಸೇರಿದುದು. ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ, ದೂರದರ್ಶನವು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುವುದೆಂದು ನಂಬಿದ್ದೇನೆ.

೨

ಮೊದಲು ಪದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಅನ್ನ, ಬಟ್ಟೆ, ವಸತಿ ಇವಿಷ್ಟೇ ಅವಶ್ಯಕ, ಉಳಿದುದೆಲ್ಲ ಭೋಗ ಎಂಬ ವಿಭಾಗವು ಕೇಳುವುದಕ್ಕೆ ಸರಳವಾಗಿದ್ದರೂ ವಿಚಾರದ ಮುಂದೆ ನಿಲ್ಲುವುದಿಲ್ಲ. ಅರ್ಥಶಾಸ್ತ್ರದ ಆದಿಪುರುಷರಲ್ಲಿ ಒಬ್ಬನಾದ ಆಡಂ ಸ್ಮಿತ್ತನು ೧೭೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಇದನ್ನು ಕಂಡುಕೊಂಡಿದ್ದನು. ಜೀವಧಾರಣೆಗೆ ಬೇಕಾದುದು ಮಾತ್ರವಲ್ಲ, ಯಾವುದಿಲ್ಲದಿದ್ದರೆ ಕೆಳವರ್ಗದ ಗೌರವಸ್ಥನೂ ನಾಲ್ವರ ಮುಂದೆ ತಲೆಯೆತ್ತಲಾರನೆಂದು ದೇಶಾಚಾರವು ವಿಧಿಸಿದೆಯೋ ಅದೂ ಅವಶ್ಯಕವೇ ಎಂಬುದು ಅವನ ಅಭಿಪ್ರಾಯ. ಪ್ರಾಚೀನ ಗ್ರೀಕರೂ ರೋಮನರೂ ನಾರುಬಟ್ಟೆಯ ಅಂಗಿಯಿಲ್ಲದೆ ಸುಖವಾಗಿದ್ದರು. ಸ್ಮಿತ್ತನ ಕಾಲದ ಕೂಲಿಯವನು ಅದಿಲ್ಲದೆ ಹೊರಗೆ ಕಾಣಿಸಿಕೊಳ್ಳಲು ನಾಚುತ್ತಿದ್ದನು. ಇಂಗ್ಲೆಂಡಿನಲ್ಲಿ ಚರ್ಮದ ಪಾದರಕ್ಷೆಯು ಬಡ ಗಂಡಸಿಗೂ ಹೆಂಗಸಿಗೂ ಅವಶ್ಯಕವಾಗಿದ್ದರೆ, ಸ್ಕಾಟ್ಲೆಂಡಿನಲ್ಲಿ ಅದೇ ಅಂತಸ್ತಿನ ಗಂಡಸಿಗೆ ಮಾತ್ರ ಅವಶ್ಯಕವಾಗಿದ್ದು, ಹೆಂಗಸು ಬರಿಗಾಲಿನಲ್ಲಿ ನಡೆದರೂ ಅವಮಾನವೆನಿಸುತ್ತಿರಲಿಲ್ಲ. ವಸ್ತು ಒಂದೇ, ದೇಶ ಬದಲಾದರೆ, ಒಂದೇ ದೇಶದಲ್ಲಿ ಉಡುವವರು ಬದಲಾದರೆ, ಅದರ ವರ್ಗವೂ ಬದಲಾಗುತ್ತದೆ.

ನಮ್ಮ ನ್ಯಾಯಶಾಸನವೂ ಇಂತಹ ಒಂದು ಪಟ್ಟಿಯನ್ನು ಮಾಡಿಟ್ಟಿದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಪ್ರಕರಣವು ಸಾಲಗಾರನ ಯಾವ ಯಾವ ಸ್ವತ್ತನ್ನು ಜಪ್ತಿ ಮಾಡಕೂಡದೆಂದು ಹೇಳುತ್ತದೆ: ತೊಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ, ರೈತನ ಬೇಸಾಯದ ಸಾಧನ. ಇವುಗಳ ಜೊತೆಗೆ, ಧಾರ್ಮಿಕ ಆಚಾರದಂತೆ ಹೆಂಗಸು ತನ್ನಿಂದ ಅಗಲಿಸಲಾಗದ ಆಭರಣಗಳನ್ನೂ ಅದು ಸೇರಿಸಿದೆ. ನಮ್ಮ ನಾಡಿನಲ್ಲಿ ಹಾಗೆಂದರೆ ಮುಖ್ಯವಾಗಿ ಮಾಂಗಲ್ಯ. ಅಡಿಗೆಯ ಪಾತ್ರೆಗೂ ಮಾಂಗಲ್ಯಕ್ಕೂ ಒಂದೇ ಸಾಲಿನಲ್ಲಿ ರಕ್ಷಣೆ ಕೊಟ್ಟ ಈ ಶಾಸನವು ಅವಶ್ಯಕತೆಯ ಎರಡು ಬಗೆಗಳನ್ನು ಒಪ್ಪಿಕೊಂಡಂತಾಯಿತು: ದೇಹಕ್ಕೆ ಬೇಕಾದುದು, ಮಾನಕ್ಕೆ ಬೇಕಾದುದು. ಇವೆರಡರ ಜೊತೆಗೆ ಮೂರನೆಯದೊಂದು ಇದೆಯೆಂಬುದನ್ನು ಮುಂದೆ ನೋಡುತ್ತೇವೆ. ಅದು ಹಕ್ಕಿಗೆ ಬೇಕಾದುದು.

೩

ಭಾರತದಲ್ಲಿ ದೂರದರ್ಶನ ಪ್ರಸಾರವು ಪ್ರಾಯೋಗಿಕವಾಗಿ ಆರಂಭವಾದುದು ದೆಹಲಿಯಲ್ಲಿ, ೧೯೫೯ರ ಸೆಪ್ಟೆಂಬರ್ ೧೫ರಂದು. ಯುನೆಸ್ಕೋ ಸಂಸ್ಥೆಯ ನೆರವು ಅದಕ್ಕಿತ್ತು. ಯಂತ್ರಗಳನ್ನು ಸಮುದಾಯದ ವೀಕ್ಷಣೆಗಾಗಿ ಇರಿಸಿ, ವೀಕ್ಷಕ ಕೂಟಗಳನ್ನು ಕಟ್ಟಲಾಗಿತ್ತು. ೧೯೬೧ರಲ್ಲಿ ಶಾಲಾಪಾಠಗಳೂ, ೧೯೬೭ರ ಜನವರಿ ೨೬ರಂದು ದೆಹಲಿಯ ಸುತ್ತಣ ಹಳ್ಳಿಗಳ ರೈತರಿಗಾಗಿ ‘ಕೃಷಿ ದರ್ಶನ’ವೂ ಮೊದಲಾದುವು. ಮುಂಬಯಿಗೆ ದೂರದರ್ಶನ ಬಂದುದು ೧೯೭೨ರಲ್ಲಿ. ಬಡದೇಶಕ್ಕೆ ಇದೊಂದು ದುಬಾರಿ ಆಟಿಕೆ ಎಂಬ ಆಕ್ಷೇಪಕ್ಕೆ ಅಂದಿನ ಯೋಜಕರು ಕೊಟ್ಟ ಉತ್ತರವು ಸಾರಾಂಶದಲ್ಲಿ ಇಷ್ಟೇ: ಮನೆಮನೆಗೆ ಒಂದೊಂದಾದರೆ ಅದು ಆಟಿಕೆ, ಊರಿಗೆ ಒಂದಾದರೆ ಅದು ಪಾಠಶಾಲೆ.

ಈ ಉತ್ತರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದುದು ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನ ಪ್ರಯೋಗ. ವಿಕ್ರಮ ಸಾರಾಭಾಯಿಯವರ ದೂರದೃಷ್ಟಿಯಿಂದ ಹುಟ್ಟಿ, ೧೯೬೯ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಆದ ಒಪ್ಪಂದದ ಫಲವಾಗಿ, ಇದು ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ ನಡೆಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಇದರ ಕ್ಷೇತ್ರ. ಕರ್ನಾಟಕದಲ್ಲಿ ಆಯ್ಕೆಯಾದುವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬುಟ್ಟಿಯಂತಹ ಆಂಟೆನವೊಂದು ಊರ ಶಾಲೆಯ ಅಥವಾ ಪಂಚಾಯತಿಯ ಮಗ್ಗುಲಲ್ಲಿ ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರವರಿಗೆ ಎರಡೂವರೆ ಗಂಟೆ ಕಾರ್ಯಕ್ರಮ. ಇದೇ ಏರ್ಪಾಡಿನಿಂದ ದೇಶದ ಸುಮಾರು ೫೦,೦೦೦ ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ತರಬೇತಿಯನ್ನೂ ಕೊಡಲಾಯಿತು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಭೋಗವಸ್ತುಗಳು ಸಾಮಾನ್ಯವಾಗಿ ರಾಜಧಾನಿಗೆ ಮೊದಲು ಬಂದು, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ, ಕೊನೆಗೆ ಹಳ್ಳಿಗೆ ಇಳಿಯುತ್ತವೆ. ಕರ್ನಾಟಕದಲ್ಲಿ ದೂರದರ್ಶನವು ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ ಬಂದಿತು. ಮಳೆ ಕಡಿಮೆಯಾದ, ಸಾಕ್ಷರತೆ ಕಡಿಮೆಯಾದ ಈಶಾನ್ಯದ ಹಳ್ಳಿಗಳಿಗೆ ಅದು ೧೯೭೫ರಲ್ಲಿ ಬಂದಿತು. ಪ್ರಯೋಗವು ಮುಗಿದ ಮೇಲೆ ೧೯೭೭ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರಕೇಂದ್ರವಾಯಿತು. ಬೆಂಗಳೂರಿಗೆ ಆ ಸೌಕರ್ಯ ದೊರೆತುದು ೧೯೮೦ರ ದಶಕದಲ್ಲಿ. ಬೆಂಗಳೂರಿನ ಶ್ರೀಮಂತನು ಕಾಣದಿದ್ದುದನ್ನು ರಾಯಚೂರು ಸೀಮೆಯ ಕೂಲಿಯವನು ಕಂಡಿದ್ದನು. ದೂರದರ್ಶನವು ಹುಟ್ಟಿನಿಂದಲೇ ಭೋಗವಸ್ತು ಎನ್ನುವವರು ಈ ಒಂದು ಸಂಗತಿಗೆ ಉತ್ತರ ಹೇಳಬೇಕಾಗುತ್ತದೆ.

ಹಾಗೆಂದು ಆ ಪ್ರಯೋಗವನ್ನು ಚಿನ್ನದ ಯುಗವೆಂದು ಕೊಂಡಾಡಬೇಕಾಗಿಲ್ಲ. ಕನ್ನಡದ ಕಾರ್ಯಕ್ರಮಗಳು ತಯಾರಾದುದು ತೆಲುಗಿನವುಗಳ ಜೊತೆಗೆ ಹೈದರಾಬಾದಿನ ಕೇಂದ್ರದಲ್ಲಿ. ಆ ಉಪಗ್ರಹದಲ್ಲಿ ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಒಯ್ಯುವ ಸೌಲಭ್ಯವಿದ್ದುದರಿಂದ, ಒಂದೇ ದೃಶ್ಯಕ್ಕೆ ಎರಡು ಭಾಷೆಗಳ ಮಾತನ್ನು ಹೊಂದಿಸಲು ಅವಕಾಶವಿತ್ತು. ತಂತ್ರದ ದೃಷ್ಟಿಯಿಂದ ಇದು ಮಿತವ್ಯಯ. ಆದರೆ ಯಾವ ಊರಿನ ಹೊಲ, ಯಾವ ಊರಿನ ಉಡುಗೆ, ಯಾವ ಊರಿನ ನುಡಿ ತೆರೆಯ ಮೇಲೆ ಬರಬೇಕೆಂಬ ಪ್ರಶ್ನೆಯನ್ನು ಅದು ಬಗೆಹರಿಸಲಾರದು. ಆರಂಭದ ಕುತೂಹಲ ತೀರಿದ ಮೇಲೆ ಸಂಜೆ ನೆರೆಯುವವರ ಸಂಖ್ಯೆ ಇಳಿಯಿತೆಂಬುದೂ ದಾಖಲಾದ ಸಂಗತಿಯೇ. ಎಲ್ಲಕ್ಕಿಂತ ಮುಖ್ಯವಾಗಿ, ಒಪ್ಪಂದದ ಗಡುವು ತೀರಿದೊಡನೆ ಉಪಗ್ರಹವು ತನ್ನ ಒಡೆಯರ ಬಳಿಗೆ ಮರಳಿತು. ಊರಿಗೆ ನಿಜವಾಗಿ ಅವಶ್ಯಕವೆಂದು ಯಾವುದನ್ನು ಸಾರಲಾಗಿತ್ತೋ ಅದನ್ನು ಒಂದು ವರ್ಷಕ್ಕೆ ಎರವಲಾಗಿ ತಂದು ಕೊಟ್ಟಂತಾಯಿತು.

೪

ಎರಡನೆಯ ಘಟ್ಟವು ೧೯೮೨ರಿಂದ ಮೊದಲಾಗುತ್ತದೆ. ಆ ವರ್ಷದ ಆಗಸ್ಟ್ ೧೫ರಂದು ರಾಷ್ಟ್ರೀಯ ಕಾರ್ಯಕ್ರಮವೂ ವರ್ಣಪ್ರಸಾರವೂ ಆರಂಭವಾದುವು. ವರ್ಷದ ಕೊನೆಯಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಇನ್‌ಸ್ಯಾಟ್ ಉಪಗ್ರಹಗಳು ಬಂದ ಬಳಿಕ ಸಣ್ಣ ಮರುಪ್ರಸಾರ ಕೇಂದ್ರಗಳು ದೇಶದಾದ್ಯಂತ ಬೇಗಬೇಗನೆ ಎದ್ದುವು. ೧೯೮೪ರಲ್ಲಿ ‘ಹಮ್ ಲೋಗ್’, ೧೯೮೭ರಲ್ಲಿ ‘ರಾಮಾಯಣ’ ಧಾರಾವಾಹಿಗಳು ಬಂದುವು. ಜಾಹೀರಾತಿಗೆ ೧೯೭೬ರಲ್ಲಿಯೇ ಬಾಗಿಲು ತೆರೆದಿತ್ತು. ಈಗ ಪ್ರಾಯೋಜಿತ ಕಾರ್ಯಕ್ರಮಗಳೂ ಸೇರಿ ಅದು ದೊಡ್ಡ ವರಮಾನವಾಯಿತು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಈ ಕಾಲದ್ದೇ. ಕನ್ನಡನಾಡಿನ ಒಂದು ಬೀದಿಯನ್ನು ಇಡೀ ದೇಶವು ಕಂಡುದು ಹಿಂದಿಯ ಮಾತಿನ ಮೂಲಕ.

ಈ ಘಟ್ಟದಲ್ಲಿ ಬದಲಾದುದು ಯಂತ್ರದ ಬಣ್ಣ ಮಾತ್ರವಲ್ಲ, ಅದರ ಸ್ಥಾನ. ಅದು ಪಂಚಾಯತಿಯ ಜಗುಲಿಯಿಂದ ಎದ್ದು ಮನೆಯ ಪಡಸಾಲೆಗೆ ಬಂದಿತು. ಊರವರು ಎಂಬ ಪದದ ಜಾಗದಲ್ಲಿ ಕೊಳ್ಳುವವರು ಎಂಬ ಪದ ಬಂದಿತು. ೧೯೭೫ರ ಅಂಗಳದಲ್ಲಿ ಯಂತ್ರವಿಲ್ಲದ ಮನೆ ಎಂಬ ಮಾತಿಗೆ ಅರ್ಥವೇ ಇರಲಿಲ್ಲ, ಏಕೆಂದರೆ ಯಾವ ಮನೆಯಲ್ಲಿಯೂ ಯಂತ್ರವಿರಲಿಲ್ಲ. ಈಗ ಆ ಮಾತಿಗೆ ಅರ್ಥ ಬಂದಿತು. ನೆರೆಮನೆಯ ಕಿಟಕಿಯ ಹೊರಗೆ ನಿಂತು ನೋಡುವ ಮಗು ಎಂಬ ಹೊಸ ಪಾತ್ರವೊಂದು ನಮ್ಮ ಬೀದಿಗಳಲ್ಲಿ ಹುಟ್ಟಿಕೊಂಡಿತು. ಸ್ಮಿತ್ತನು ಹೇಳಿದ ನಾರುಬಟ್ಟೆಯ ಅಂಗಿಯ ನ್ಯಾಯವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ೨೦೦೧ರ ಜನಗಣತಿಯಂತೆ ದೇಶದ ಶೇಕಡ ೩೧.೬ರಷ್ಟು ಮನೆಗಳಲ್ಲಿ ದೂರದರ್ಶನವಿದ್ದುದು, ೨೦೧೧ರಲ್ಲಿ ಶೇಕಡ ೪೭.೨ಕ್ಕೆ ಏರಿತು. ಅದೇ ಹತ್ತು ವರ್ಷಗಳಲ್ಲಿ ರೇಡಿಯೋ ಇರುವ ಮನೆಗಳು ಶೇಕಡ ೩೫.೧ರಿಂದ ೧೯.೯ಕ್ಕೆ ಇಳಿದುವು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಂದಿನಿಂದ ಕನ್ನಡಿಗರ ಕಿವಿಯನ್ನು ತುಂಬಿದ್ದ ಆ ಅಗ್ಗದ ಸಾಧನವು, ಎಲ್ಲರ ಮನೆಯನ್ನೂ ಮುಟ್ಟುವ ಮೊದಲೇ ಹಿಂದೆ ಸರಿಯತೊಡಗಿತು.

೫

ಇದೇ ೨೦೧೧ರ ಗಣತಿಯಿಂದ ಇನ್ನೊಂದು ಅಂಕಿಯನ್ನು ತೆಗೆದು, ನಮ್ಮ ವಿಚಾರವಂತರು ಒಂದು ಖಂಡನೆಯನ್ನು ಕಟ್ಟಿದರು. ಮನೆಯ ಆವರಣದಲ್ಲಿ ಶೌಚಾಲಯವುಳ್ಳ ಮನೆಗಳು ಶೇಕಡ ೪೬.೯ ಮಾತ್ರ; ದೂರದರ್ಶನವುಳ್ಳವು ಅದಕ್ಕಿಂತ ಒಂದು ಎಳೆ ಹೆಚ್ಚು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ ಎಂಬುದು ಅವರ ಪ್ರಶ್ನೆ.

ಈ ಖಂಡನೆಯಲ್ಲಿ ಎರಡು ದೋಷಗಳಿವೆ. ಮೊದಲನೆಯದು, ದೂರದರ್ಶನ ಮತ್ತು ಶೌಚಾಲಯಗಳು ಒಂದೇ ಬಗೆಯ ಆಯ್ಕೆಗಳಲ್ಲ. ದೂರದರ್ಶನವನ್ನು ಒಂದು ಕುಟುಂಬವು ತಾನೊಂದೇ, ಕಂತಿನ ಮೇಲೆ, ಸಂತೆಯ ದಿನ ಹೋಗಿ ತರಬಹುದು. ಶೌಚಾಲಯಕ್ಕೆ ಸ್ವಂತ ಜಾಗ ಬೇಕು, ನೀರು ಬೇಕು, ಮಲವು ಹೋಗುವುದಕ್ಕೆ ಗುಂಡಿ ಅಥವಾ ಚರಂಡಿ ಬೇಕು. ಇವುಗಳಲ್ಲಿ ಬಹುಪಾಲು ಕೂಲಿಯವನ ಕೈಯಲ್ಲಿಲ್ಲ. ಊರು ಮಾಡಬೇಕಾದುದನ್ನು ಊರು ಮಾಡದಿರುವಾಗ, ಮನೆಯವನು ತಾನು ಮಾಡಬಹುದಾದುದನ್ನು ಮಾಡಿದನು. ಅಂಕಿಗಳು ತೋರಿಸುವುದು ಬಡವನ ಅವಿವೇಕವನ್ನಲ್ಲ. ಅಂಗಡಿಯು ಬಂದು ತಲುಪಿದಷ್ಟು ಬೇಗ ಸರಕಾರವು ಬಂದು ತಲುಪಲಿಲ್ಲ ಎಂಬುದನ್ನು.

ಎರಡನೆಯದು ಗಾದೆಯ ದೋಷ. ಗಾದೆಯು ಹಿಟ್ಟಿಲ್ಲದವನನ್ನು ಹಾಸ್ಯಮಾಡುತ್ತದೆಯೇ ಹೊರತು ಹಿಟ್ಟು ಏಕಿಲ್ಲವೆಂದು ಕೇಳುವುದಿಲ್ಲ. ಮೇಲಾಗಿ, ಹೊಟ್ಟೆ ತುಂಬಿದವನು ಮಲ್ಲಿಗೆ ಮುಡಿದರೆ ಅದು ರಸಿಕತೆ, ಹಸಿದವನು ಮುಡಿದರೆ ದುರಭಿಮಾನ ಎಂಬ ತಾರತಮ್ಯವನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡಿದೆ. ಭೋಗ ಎಂಬ ಪದವನ್ನು ನಾವು ಬಹುಮಟ್ಟಿಗೆ ಇತರರ ಖರ್ಚಿಗೆ, ಅದರಲ್ಲಿಯೂ ನಮಗಿಂತ ಬಡವರ ಖರ್ಚಿಗೆ, ಮೀಸಲಾಗಿಟ್ಟಿದ್ದೇವೆ ಎಂಬುದನ್ನು ಅಧ್ಯಾಪಕವರ್ಗದವರಾದ ನಾವು ನೆನಪಿನಲ್ಲಿಡುವುದು ಒಳ್ಳೆಯದು.

೬

ಈ ಪ್ರಶ್ನೆಯು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ೨೦೦೬ರ ಚುನಾವಣೆಯಲ್ಲಿ ತಮಿಳುನಾಡಿನ ಒಂದು ಪಕ್ಷವು ಬಡ ಕುಟುಂಬಗಳಿಗೆ ಉಚಿತವಾಗಿ ವರ್ಣ ದೂರದರ್ಶನ ಯಂತ್ರಗಳನ್ನು ಕೊಡುವುದಾಗಿ ಸಾರಿ, ಗೆದ್ದ ಮೇಲೆ ಹಂಚಿತು. ಸಾರ್ವಜನಿಕ ಹಣವನ್ನು ಹೀಗೆ ವ್ಯಯಿಸಬಹುದೆ ಎಂಬ ವಿವಾದದಲ್ಲಿ ನ್ಯಾಯಾಲಯವು ೨೦೧೩ರ ಜುಲೈ ೫ರಂದು ತೀರ್ಪು ನೀಡಿತು. ಇಂತಹ ಆಶ್ವಾಸನೆಯು ಶಾಸನದ ಅರ್ಥದಲ್ಲಿ ಭ್ರಷ್ಟಾಚರಣೆಯಾಗದು. ಹಂಚಿಕೆಯನ್ನು ಸಂವಿಧಾನದ ನಿರ್ದೇಶಕ ತತ್ತ್ವಗಳೊಡನೆ ಹೊಂದಿಸಬಹುದು. ಜೀವನಮಟ್ಟವೆಂಬುದು ಕಾಲಕಾಲಕ್ಕೆ ಬದಲಾಗುವುದರಿಂದ ನಿನ್ನೆಯ ಭೋಗವು ಇಂದಿನ ಅವಶ್ಯಕತೆಯಾಗಿದೆ ಎಂಬುದು ಅದರ ಅಭಿಪ್ರಾಯದ ಸಾರ. ೨೦೨೨ರ ಆಗಸ್ಟಿನಲ್ಲಿ ಈ ತೀರ್ಪಿನ ಮರುಪರಿಶೀಲನೆಯ ವಿಷಯವನ್ನು ಮೂವರು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು.

ತೀರ್ಪಿನ ನ್ಯಾಯಾನ್ಯಾಯವನ್ನು ತೂಗುವುದು ಕಾನೂನಿನ ಪಂಡಿತರ ಕೆಲಸ. ಇತಿಹಾಸದ ದೃಷ್ಟಿಯಿಂದ ಮಾತ್ರ ಒಂದು ಮಾತನ್ನು ಹೇಳಬೇಕಾಗಿದೆ. ನಿನ್ನೆಯ ಭೋಗ ಇಂದಿನ ಅವಶ್ಯಕತೆಯಾಯಿತು ಎಂಬುದು ನಿಜ. ಆದರೆ ಅದು ಕಾಯಿ ಹಣ್ಣಾದಂತೆ ತಾನಾಗಿಯೇ ಆಗುವ ಕ್ರಿಯೆಯಲ್ಲ. ಯಾರು, ಯಾವಾಗ, ಏನನ್ನು ಮಾಡಿದುದರಿಂದ ಅಥವಾ ಮಾಡದೆ ಬಿಟ್ಟುದರಿಂದ ಅದು ಹಾಗಾಯಿತು ಎಂದು ಕೇಳದಿದ್ದರೆ, ಕಾಲಪ್ರವಾಹವೆಂಬ ಒಂದು ಪದದಲ್ಲಿ ಹೊಣೆಯೆಲ್ಲವೂ ಕೊಚ್ಚಿಹೋಗುತ್ತದೆ. ೧೯೭೫ರಲ್ಲಿ ಸರಕಾರವು ಊರಿಗೊಂದು ಯಂತ್ರ ಕೊಟ್ಟಿತು. ೨೦೦೬ರ ಅನಂತರ ಒಂದು ಸರಕಾರವು ಮನೆಗೊಂದು ಯಂತ್ರ ಕೊಟ್ಟಿತು. ಮೊದಲನೆಯದರಲ್ಲಿ ಯಂತ್ರದ ಜೊತೆಗೆ ಪಾಠ, ದುರಸ್ತಿ, ಮೇಲ್ವಿಚಾರಣೆಗಳ ಹೊಣೆಯೂ ಕೊಟ್ಟವರ ಮೇಲಿತ್ತು. ಎರಡನೆಯದರಲ್ಲಿ ಪೆಟ್ಟಿಗೆಯನ್ನು ಕೈಗೆ ಕೊಟ್ಟಲ್ಲಿಗೆ ಹೊಣೆ ಮುಗಿಯಿತು. ದಾನವೆಂದು ಕೊಟ್ಟುದಕ್ಕೂ ಹಕ್ಕೆಂದು ಕೊಟ್ಟುದಕ್ಕೂ ಇರುವ ಅಂತರ ಇದೇ.

ತೆರಿಗೆಯ ಪಟ್ಟಿಯೂ ಇದೇ ತೊಳಲಾಟವನ್ನು ತೋರಿಸುತ್ತದೆ. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಬಹುಪಾಲು ದೂರದರ್ಶನ ಯಂತ್ರಗಳು ಶೇಕಡ ೨೮ರ ಮೇಲ್ವರ್ಗದಲ್ಲಿದ್ದುವು. ೨೦೧೯ರ ಜನವರಿಯಿಂದ ೩೨ ಅಂಗುಲದವರೆಗಿನವು ಶೇಕಡ ೧೮ಕ್ಕೆ ಇಳಿದುವು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದಕ್ಕಿಂತ ದೊಡ್ಡವೂ ಅದೇ ವರ್ಗಕ್ಕೆ ಬಂದುವು. ಆರು ವರ್ಷಗಳಿಗೂ ಮಿಕ್ಕಿ ಭೋಗಕ್ಕೂ ಅವಶ್ಯಕತೆಗೂ ನಡುವಣ ಗಡಿಯನ್ನು ಅಂಗುಲದ ಲೆಕ್ಕದಲ್ಲಿ ಅಳೆದಂತಾಯಿತು.

೭

ಇನ್ನು ಮೂರನೆಯ ಬಗೆಯ ಅವಶ್ಯಕತೆಗೆ ಬರೋಣ. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಕರ್ನಾಟಕದ ಶಿಕ್ಷಣ ಇಲಾಖೆಯು ಜುಲೈ ತಿಂಗಳಿನಿಂದ ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠಗಳನ್ನು ಚಂದನ ವಾಹಿನಿಯ ಮೂಲಕ ಪ್ರಸಾರ ಮಾಡಿತು. ಅಂತರ್ಜಾಲ ತಲುಪದ ಮನೆಗಳಿಗೂ ದೂರದರ್ಶನ ತಲುಪುವುದೆಂಬ ಎಣಿಕೆಯು ತಕ್ಕದ್ದೇ ಆಗಿತ್ತು. ಆದರೆ ಯಂತ್ರವಿಲ್ಲದ ಮನೆಗಳಿದ್ದುವು. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ತಾಯಿಯೊಬ್ಬರು ಮಕ್ಕಳ ಪಾಠ ತಪ್ಪಬಾರದೆಂದು ತಮ್ಮ ಮಾಂಗಲ್ಯವನ್ನು ಅಡವಿಟ್ಟು ದೂರದರ್ಶನ ಯಂತ್ರವನ್ನು ಕೊಂಡರೆಂದು ಆಗ ಪತ್ರಿಕೆಗಳು ವರದಿಮಾಡಿದುವು.

ಮೇಲೆ ಹೇಳಿದ ೬೦ನೆಯ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಯಾವ ಸಾಲಗಾರನೂ, ಯಾವ ನ್ಯಾಯಾಲಯದ ಅಮೀನನೂ ಮುಟ್ಟಕೂಡದೆಂದು ೧೯೦೮ರ ಶಾಸನವು ಕಾಪಾಡಿದ ಒಡವೆಯನ್ನು, ಚರ್ಚಾಸ್ಪರ್ಧೆಯ ಭಾಷೆಯಲ್ಲಿ ಇನ್ನೂ ಭೋಗವೋ ಅವಶ್ಯಕವೋ ಎಂದು ತೀರ್ಮಾನವಾಗದ ಒಂದು ವಸ್ತುವಿಗಾಗಿ ಆ ತಾಯಿ ತಾವಾಗಿಯೇ ಬಿಚ್ಚಿಕೊಟ್ಟರು. ಆ ದಿನ ಅವರಿಗೆ ಬೇಕಾಗಿದ್ದುದು ದೂರದರ್ಶನವಲ್ಲ, ಶಾಲೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂವಿಧಾನವು ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಆ ಹಕ್ಕು ತಲುಪುವ ಬಾಗಿಲು ಒಂದು ಯಂತ್ರದೊಳಗೆ ಸೇರಿಕೊಂಡಾಗ, ಯಂತ್ರವು ಹಕ್ಕಿನ ಬೆಲೆಯಾಯಿತು. ದೇಹಕ್ಕೂ ಮಾನಕ್ಕೂ ಬೇಕಾದುದರ ಆಚೆಗೆ, ಹಕ್ಕಿಗೆ ಬೇಕಾದುದು ಎಂದು ನಾನು ಹೇಳಿದುದು ಇದನ್ನೇ. ಇಂತಹ ಅವಶ್ಯಕತೆಯು ಜನರ ಚಪಲದಿಂದ ಹುಟ್ಟಿದುದಲ್ಲ. ರಾಜ್ಯದ ಏರ್ಪಾಡಿನಿಂದ ಹುಟ್ಟಿದುದು. ಆದುದರಿಂದ ಅದನ್ನು ಪೂರೈಸುವ ಹೊಣೆಯೂ ರಾಜ್ಯದ್ದೇ.

೮

ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕು. ಕೈಯಲ್ಲಿ ಹಿಡಿಯುವ ದೂರವಾಣಿಯೇ ಈಗ ಎಲ್ಲವನ್ನೂ ತೋರಿಸುತ್ತಿರುವಾಗ ದೂರದರ್ಶನದ ಪ್ರಶ್ನೆ ಹಳತಾಯಿತಲ್ಲವೆ ಎಂಬುದು ಒಂದು. ಯಂತ್ರ ಹಳತಾಗಬಹುದು, ಪ್ರಶ್ನೆ ಹಳತಾಗಿಲ್ಲ. ಪಡಿತರ, ಪಿಂಚಣಿ, ಪರೀಕ್ಷೆಯ ಅರ್ಜಿ ಮೊದಲಾದುವನ್ನು ದೂರವಾಣಿಯ ಮೂಲಕ ನಡೆಸಹೊರಟಾಗಲೆಲ್ಲ, ೨೦೨೦ರಲ್ಲಿ ದೂರದರ್ಶನದ ವಿಷಯದಲ್ಲಿ ಕಂಡುದೇ ಮತ್ತೆ ಎದುರಾಗುತ್ತದೆ.

ಸಮುದಾಯದ ಯಂತ್ರವು ಅಂದು ಶಾಶ್ವತವಾಗಿ ನೆಲೆಗೊಳ್ಳಲಿಲ್ಲ, ಮತ್ತೆ ಅದನ್ನು ಹೊಗಳುವುದೇಕೆ ಎಂಬುದು ಇನ್ನೊಂದು. ಇದರಲ್ಲಿ ಹುರುಳಿದೆ. ಸಾರ್ವಜನಿಕ ಸ್ಥಳವೆಂದ ಮಾತ್ರಕ್ಕೆ ಎಲ್ಲ ಜಾತಿಯವರಿಗೂ, ಹೆಂಗಸರಿಗೂ ಅಲ್ಲಿ ಸರಿಸಮನಾದ ಜಾಗ ದೊರೆಯುವುದೆಂದು ನಮ್ಮ ಹಳ್ಳಿಗಳನ್ನು ಬಲ್ಲವರಾರೂ ಹೇಳಲಾರರು. ಮನೆಯೊಳಗಿನ ಯಂತ್ರವು ಎಷ್ಟೋ ಹೆಂಗಸರಿಗೆ ಯಾರ ಅಪ್ಪಣೆಯೂ ಇಲ್ಲದೆ ಲೋಕವನ್ನು ಕಾಣುವ ಅವಕಾಶ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ನನ್ನ ವಾದವು ಹಳೆಯ ಅಂಗಳಕ್ಕೆ ಹಿಂದಿರುಗಬೇಕೆಂಬುದಲ್ಲ. ಅಂದು ಯಂತ್ರದ ಜೊತೆಗೆ ಹೊಣೆಯನ್ನೂ ಹೊತ್ತುಕೊಂಡಿದ್ದ ರಾಜ್ಯವು ಮುಂದೆ ಯಂತ್ರವನ್ನು ಅಂಗಡಿಗೆ ಬಿಟ್ಟು, ಹೊಣೆಯನ್ನು ಕೆಳಗಿಳಿಸಿತು. ೨೦೨೦ರಲ್ಲಿ ಅದೇ ಯಂತ್ರವು ಪ್ರತಿ ಮನೆಯಲ್ಲಿಯೂ ಇರುವುದೆಂದು ಊಹಿಸಿಕೊಂಡು ನಡೆಯಿತು. ವಿಮರ್ಶೆಗೆ ಗುರಿಯಾಗಬೇಕಾದುದು ಈ ಊಹೆ.

ಆದುದರಿಂದ ಚರ್ಚಾಸ್ಪರ್ಧೆಯ ವಿಷಯವನ್ನು ತುಸು ತಿದ್ದಿಕೊಳ್ಳುವುದು ಲೇಸು. ದೂರದರ್ಶನ ಅವಶ್ಯಕವೆ ಎಂದು ಕೇಳುವ ಬದಲು, ಅದು ಯಾರಿಗೆ, ಯಾವ ಹಕ್ಕಿನ ಸಲುವಾಗಿ, ಯಾರ ಏರ್ಪಾಡಿನಿಂದ ಅವಶ್ಯಕವಾಯಿತು ಎಂದು ಕೇಳಬೇಕು. ಇದಕ್ಕೆ ಉತ್ತರ ಕೊಡಬಲ್ಲ ಸಾಮಗ್ರಿಯು ನಮ್ಮ ಹತ್ತಿರದಲ್ಲಿಯೇ ಇದೆ. ೧೯೭೫ರಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಅಂಗಳಗಳಲ್ಲಿ ಕುಳಿತು ನೋಡಿದ ಹತ್ತು ವರ್ಷದ ಮಕ್ಕಳು ಈಗ ಅರವತ್ತನ್ನು ದಾಟುತ್ತಿದ್ದಾರೆ. ಅಂದು ತರಬೇತಿ ಪಡೆದ ಉಪಾಧ್ಯಾಯರಲ್ಲಿ ಉಳಿದಿರುವವರು ಇನ್ನೂ ವೃದ್ಧರು. ಯಾರು ಮುಂದೆ ಕುಳಿತರು, ಯಾರು ಹಿಂದೆ ನಿಂತರು, ಯಂತ್ರ ಕೆಟ್ಟಾಗ ಯಾರು ಬಂದರು, ೧೯೭೬ರ ಆಗಸ್ಟಿನಲ್ಲಿ ತೆರೆ ಬರಿದಾದಾಗ ಊರವರು ಏನೆಂದರು — ಇವು ಅವರ ನೆನಪಿನಲ್ಲಿಯೂ ಶಾಲೆ ಪಂಚಾಯತಿಗಳ ಹಳೆಯ ಕಡತಗಳಲ್ಲಿಯೂ ಅಳಿದುಳಿದಿದ್ದಾವು. ಆ ಜಿಲ್ಲೆಗಳ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೊಂದು ಊರನ್ನು ಹಿಡಿದು ಈ ಕೆಲಸವನ್ನು ಕೈಕೊಂಡರೆ, ಮುಂದಿನ ಹತ್ತು ವರ್ಷಗಳಲ್ಲಿ ಮಾಡಲಾಗದುದನ್ನು ಈಗ ಎರಡು ವರ್ಷಗಳಲ್ಲಿ ಮಾಡಿದಂತಾಗುವುದು.